ಸೀಸದ ಉಂಗುರ ಬಿದ್ದರೆ ಸಾಕಾ? ಕರಿಮದ್ದು ರಿವಾಲ್ವರ್ ಚೇಂಬರಿಗೆ ಗುಂಡು ಹೊಂದಿಸುವ ಬಗೆ

ಮೂರನೇ ಗುಂಡು ಹಾರಿಸಿ ಕುದುರೆ (ಹ್ಯಾಮರ್) ಎಳೆದೆ, ಗುಂಡು ತುಂಬುವ ಆರು ತೂತು, ಅಂದರೆ ಚೇಂಬರ್, ಇರುವ ಸಿಲಿಂಡರ್ ತಿರುಗಲಿಲ್ಲ. ಒಡೆದ ಕೇಪಿನ (ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಚೂರು ಎಲ್ಲೋ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಕ್ಯಾಪ್ ರಿವಾಲ್ವರ್ ಇಟ್ಟುಕೊಂಡವರಿಗೆ ಅದು ಮಾಮೂಲಿ ಅಲ್ವಾ. ಆದರೆ ಕೇಪಿನ ಚೂರು ಇರಲಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು ಪಕ್ಕದಿಂದ ಬಗ್ಗಿ ನೋಡಿದರೆ, ಮುಂದಿನ ಚೇಂಬರಿನ ಗುಂಡು ಬಾಯಿಂದ ಒಂದು ಚೂರು ಹೊರಗೆ ಇಣುಕಿ ನಳಿಗೆಯ ಹಿಂಬದಿಗೆ ತಾಗಿ ನಿಂತಿತ್ತು. ಹಿಂದಿನ ಮೂರು ಏಟಿನ ಒದೆತಕ್ಕೆ ಅದು ಸ್ವಲ್ಪ ಸ್ವಲ್ಪವೇ ಜಾರಿ ಬಂದಿತ್ತು.

ಅದು ಸ್ನೇಹಿತನ ರಿವಾಲ್ವರ್. ನನ್ನದೂ .44, ಅವನದೂ .44. ನನ್ನದಕ್ಕೆ ಹಾಕುವ 0.451 ಇಂಚಿನ ಗುಂಡುಗಳ ಡಬ್ಬಿಯನ್ನೇ ಅದಕ್ಕೂ ತೆರೆದೆ. ಗುಂಡು ಕೂರಿಸುವಾಗ ಅದನ್ನು ಚೇಂಬರಿಗೆ ಒತ್ತುವ ಲಿವರ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಆಹಾ ಎಷ್ಟು ಸಲೀಸು ಅಂತ ಖುಷಿಪಟ್ಟೆ. ಆ ಖುಷಿಯೇ ಎಚ್ಚರಿಕೆಯ ಗಂಟೆ ಆಗಬೇಕಿತ್ತು.

ಅವತ್ತಿನಿಂದ ಗುಂಡಿನ ಅಳತೆಯ ಬಗ್ಗೆ ಡಬ್ಬಿಯ ಮೇಲೆ ಬರೆದದ್ದನ್ನು ನಂಬುವುದು ಬಿಟ್ಟೆ. ಚೇಂಬರನ್ನು ಅಳೆದೆ, ನಳಿಗೆಯನ್ನು ಅಳೆದೆ, ಎರಡು ಮೂರು ಅಳತೆಯ ಗುಂಡು ತಂದು ಒಂದೊಂದನ್ನೇ ಕೂರಿಸಿ ನೋಡಿದೆ. ಅದನ್ನು ಹೇಗೆ ಮಾಡುವುದು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಟ್ಟುಕೊಡಲಾಗದ ಮಾತುಗಳು. ಇಂಥ ರಿವಾಲ್ವರಿಗೆ ಹಾಕುವುದು ಕರಿಮದ್ದು, ಅಥವಾ ತಯಾರಕರು ಒಪ್ಪಿರುವ ಅದರ ಬದಲಿ ಮದ್ದು. ಹೊಗೆಯಿಲ್ಲದ ಆಧುನಿಕ ಮದ್ದನ್ನು ಚಿಟಿಕೆಯಷ್ಟೂ ಹಾಕಬೇಡಿ, ಸಿಲಿಂಡರ್ ಸಿಡಿಯುತ್ತದೆ. ಎಷ್ಟು ಮದ್ದು ಅನ್ನುವುದನ್ನು ನಿಮ್ಮ ರಿವಾಲ್ವರಿನ ಕೈಪಿಡಿ ಹೇಳುತ್ತದೆ, ಅದನ್ನು ಮೀರಬೇಡಿ. ಅಳತೆ ಕೆಲಸವೆಲ್ಲ ಖಾಲಿ ಸಿಲಿಂಡರಿನಲ್ಲಿ, ಮದ್ದು ಕೇಪು ಎರಡೂ ಬೇರೆ ಕೋಣೆಯಲ್ಲಿ. ನೀವಿರುವ ಕಡೆ ಪರವಾನಗಿ ಬೇಕಾ, ಎಲ್ಲಿ ಹಾರಿಸಬಹುದು ಅನ್ನುವುದನ್ನೂ ಮೊದಲೇ ತಿಳಿದುಕೊಂಡಿರಿ.

.44 ಅಂದರೆ .44 ಅಲ್ಲ

ಹೊಸಬರು ಮೊದಲು ಎಡವುವುದು ಇಲ್ಲೇ. ಕೋಲ್ಟ್ 1851ರ ನೇವಿ ಮಾದರಿಯನ್ನು .36 ಅನ್ನುತ್ತಾರೆ, ಆದರೆ ಅದಕ್ಕೆ ಹಾಕುವ ಉಂಡೆ ಗುಂಡು 0.375 ಇಂಚು, ಕೆಲವಕ್ಕೆ 0.380. ಕೋಲ್ಟ್ 1860ರ ಆರ್ಮಿ, ರೆಮಿಂಗ್ಟನ್ ನ್ಯೂ ಮಾಡೆಲ್ ಆರ್ಮಿ, ಇವು .44. ಇವುಗಳ ಈಗಿನ ನಕಲುಗಳಿಗೆ ಹೋಗುವುದು 0.451 ಅಥವಾ 0.454. ರೂಗರ್ ಓಲ್ಡ್ ಆರ್ಮಿಗೆ 0.457. ಹೆಸರಿನ ಅಂಕಿ ಹೆಚ್ಚುಕಡಿಮೆ ನಳಿಗೆಯೊಳಗಿನ ದಿಬ್ಬದಿಂದ ದಿಬ್ಬಕ್ಕೆ ಇರುವ ಅಳತೆ. ಗುಂಡು ತುಂಬಬೇಕಾದದ್ದು ದಿಬ್ಬಗಳ ನಡುವೆ, ಗುಂಡು ತಿರುಗಲಿ ಅಂತ ಸುರುಳಿಯಾಗಿ ಕೊರೆದ ತೋಡುಗಳನ್ನು, ಅಂದರೆ ಗ್ರೂವ್‌ಗಳನ್ನು. ಹಾಗಾಗಿ ಗುಂಡು ಯಾವತ್ತೂ ಹೆಸರಿಗಿಂತ ದಪ್ಪ.

ಪಿಯೆಟ್ಟಾದವರ .44 ನಕಲುಗಳಿಗೆ 0.451 ಅಥವಾ 0.454, ಉಬರ್ಟಿಯವರದಕ್ಕೆ 0.454 ಅಂತ ಜನ ಸಾಮಾನ್ಯವಾಗಿ ಹೇಳುತ್ತಾರೆ. ಶುರು ಮಾಡುವುದಕ್ಕೆ ಇದು ಒಳ್ಳೆಯ ಜಾಗವೇ. ಆದರೆ ಒಂದೇ ಕಾರ್ಖಾನೆಯ ಎರಡು ರಿವಾಲ್ವರುಗಳ ಚೇಂಬರ್ ಒಂದೇ ಅಳತೆ ಇರಬೇಕು ಅಂತ ಏನೂ ಇಲ್ಲ, ಕೆಲವೊಮ್ಮೆ ಒಂದೇ ಸಿಲಿಂಡರಿನ ಆರು ಚೇಂಬರುಗಳೇ ಒಂದಕ್ಕೊಂದು ಹೊಂದುವುದಿಲ್ಲ, ಅದರ ಮೇಲೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ಹಳೆಯ ಮಾಲೀಕರು ಒಳಗೆ ಏನೇನು ಕೊರೆಸಿದ್ದಾರೋ ಯಾರಿಗೆ ಗೊತ್ತು.

ಮುಂದೆಲ್ಲ "ಥೌ" ಅನ್ನುತ್ತೇನೆ. ಇಂಚಿನ ಸಾವಿರದ ಒಂದು ಪಾಲು, ಸುಮಾರು 0.025 ಮಿ.ಮೀ. ಗುಂಡು, ಅಚ್ಚು ಎಲ್ಲ ಇಂಚಿನಲ್ಲೇ ಮಾರುವುದರಿಂದ ಇದೇ ಸುಲಭ.

ಚೇಂಬರ್ ಅಳೆಯುವುದು

ವರ್ನಿಯರಿನ ಒಳ ಅಳತೆಯ ಮೂತಿಯನ್ನು ಚೇಂಬರಿಗೆ ಹಾಕಿ ಓದಿದರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಸಣ್ಣ ತೂತಿನಲ್ಲಿ ಅದು ಸುಳ್ಳು ಹೇಳುತ್ತದೆ. ಮೂತಿಯ ತುದಿ ಕತ್ತಿಯಷ್ಟು ತೆಳು ಇರುವುದಿಲ್ಲ, ಒಂದಿಷ್ಟು ಚಪ್ಪಟೆ ಇರುತ್ತದೆ. ದುಂಡಗಿನ ಗೋಡೆಗೆ ಆ ಚಪ್ಪಟೆಯ ಎರಡು ಅಂಚು ಮಾತ್ರ ತಾಗುತ್ತವೆ. ಅಳತೆ ಒಂದೆರಡು ಥೌ ಕಡಿಮೆ ಬರುತ್ತದೆ. ನಾವು ಹುಡುಕುತ್ತಿರುವುದೇ ಒಂದೆರಡು ಥೌ, ಇನ್ನೇನು ಉಳಿಯಿತು?

ಪಿನ್ ಗೇಜ್ ಸೆಟ್ (ಒಂದೊಂದೂ ನಿಖರ ದಪ್ಪದ ಉಕ್ಕಿನ ಕಡ್ಡಿಗಳು) ಸಿಕ್ಕರೆ ಅದರಷ್ಟು ನೆಮ್ಮದಿ ಇನ್ನೊಂದಿಲ್ಲ. ಯಾವ ಪಿನ್ ಇಳಿಯುತ್ತದೆ, ಯಾವುದು ನಿಲ್ಲುತ್ತದೆ ನೋಡಿ ಬರೆದುಕೊಂಡರಾಯಿತು. ಇಲ್ಲದಿದ್ದರೆ ಗುಂಡಿನಿಂದಲೇ ಅಳೆಯಿರಿ. ನಾನು ಮಾಡುವುದು ಹೀಗೆ.

ಸಿಲಿಂಡರನ್ನು ಚೆನ್ನಾಗಿ ತೊಳೆದು ಒರೆಸಿ, ಕೇಪು ಕೂರುವ ಆರು ನಿಪ್ಪಲ್‌ಗಳನ್ನೂ ಬಿಚ್ಚಿ ತೆಗೆಯುತ್ತೇನೆ. ಚೇಂಬರಿನ ಗೋಡೆಗೆ ಎಣ್ಣೆಯ ಪಸೆ ಸಾಕು, ತೊಟ್ಟಿಕ್ಕಬಾರದು. ಸಿಲಿಂಡರನ್ನು ವಾಪಸ್ ಜೋಡಿಸಿ, ಮದ್ದಿಲ್ಲದ ಚೇಂಬರಿಗೆ ಮೆತ್ತನೆಯ ಸೀಸದ ಗುಂಡಿಟ್ಟು ಲಿವರಿನಿಂದ ಒತ್ತುತ್ತೇನೆ. ತಳದವರೆಗೆ ಹೊಡೆಯುವುದು ಬೇಡ, ಬಾಯಿಂದ ಐದಾರು ಮಿಲಿಮೀಟರ್ ಕೆಳಗೆ ಹೋದರೆ ಸಾಕು. ಆಮೇಲೆ ಸಿಲಿಂಡರ್ ಹೊರಗೆ ತೆಗೆದು, ನಿಪ್ಪಲ್ ಇದ್ದ ತೂತಿನಿಂದ ಹಿತ್ತಾಳೆ ಕಡ್ಡಿ ತೂರಿಸಿ ಗುಂಡನ್ನು ಮೆಲ್ಲಗೆ ತಟ್ಟಿ ಹೊರಗೆ ತರುತ್ತೇನೆ. ಕಬ್ಬಿಣದ ಕಡ್ಡಿ ಬೇಡ, ನಿಪ್ಪಲ್ ಕೂರುವ ತೂತಿನ ಮರೆ (ಥ್ರೆಡ್) ಹಾಳಾದರೆ ಅದು ದೊಡ್ಡ ತಲೆನೋವು. ಹೊರಬಂದ ಗುಂಡಿನ ಸೊಂಟದಲ್ಲಿ ಮಿರಿಮಿರಿ ಹೊಳೆಯುವ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯ ಮೇಲೆ ಮೈಕ್ರೋಮೀಟರ್ ಇಟ್ಟು ಅಳೆದರೆ ಅದೇ ಚೇಂಬರಿನ ಅಳತೆ. ಮೂರು ಕಡೆ ತಿರುಗಿಸಿ ಅಳೆಯಿರಿ. ಮೈಕ್ರೋಮೀಟರನ್ನು ಬಿಗಿದು ಹಿಂಡಿದರೆ ಸೀಸ ಕುಸಿಯುತ್ತದೆ, ರಾಚೆಟ್ ಒಂದು ಸಲ ಕಟಕ್ ಅಂದರೆ ನಿಲ್ಲಿಸಿ.

ಚೇಂಬರುಗಳಿಗೆ ಮೊದಲೇ ಒಂದರಿಂದ ಆರು ನಂಬರ್ ಕೊಟ್ಟಿರಿ. ನಾನು ಒಂದು ಚೇಂಬರಿನ ಪಕ್ಕ ಉಗುರುಬಣ್ಣದ ಚುಕ್ಕೆ ಇಟ್ಟು ಅಲ್ಲಿಂದ ಎಣಿಸುತ್ತೇನೆ. ನನ್ನದರಲ್ಲಿ ಐದು ಚೇಂಬರ್ 0.447 ಬಂತು, ಆರನೆಯದು 0.446. ಸ್ನೇಹಿತನದು ಆರೂ 0.450. ಅವತ್ತು ನಾನು 0.450ರ ತೂತಿಗೆ 0.451ರ ಗುಂಡು ಹಾಕಿದ್ದೆ, ಬರೀ ಒಂದು ಥೌ ಹೆಚ್ಚು. ಜಾರದೆ ಇನ್ನೇನು ಮಾಡುತ್ತದೆ.

ಒಂದು ಸೂಕ್ಷ್ಮ ಇದೆ. ಕೆಲವು ಚೇಂಬರುಗಳು ಬಾಯಲ್ಲಿ ಅಗಲ, ಒಳಗೆ ಹೋದಂತೆ ಕಿರಿದು. ಅನುಮಾನ ಇದ್ದರೆ ಅದೇ ಚೇಂಬರಿಗೆ ಇನ್ನೊಂದು ಹೊಸ ಗುಂಡನ್ನು ಆಳಕ್ಕೆ ಒತ್ತಿ ತೆಗೆದು ಹೋಲಿಸಿ. ಎರಡನೆಯದು ಸಣ್ಣದಾಗಿ ಬಂದರೆ ಚೇಂಬರ್ ಒಳಗೆ ಕಿರಿದಾಗಿದೆ ಅಂತ ಅರ್ಥ. ಅಂಥದ್ದರಲ್ಲಿ ಗುಂಡು ಎಷ್ಟು ಆಳ ಕೂರುತ್ತದೆ ಅನ್ನುವುದರ ಮೇಲೆ ಅದರ ದಪ್ಪವೂ ಬದಲಾಗುತ್ತದೆ. ಮದ್ದು ಕಡಿಮೆ ಹಾಕಿ ಗುಂಡನ್ನು ಆಳಕ್ಕೆ ಒತ್ತುವವರಿಗೆ ಇದು ಮುಖ್ಯ.

ನಳಿಗೆ ಅಳೆಯುವುದು

ಇದೂ ಅದೇ ಉಪಾಯ. ನಳಿಗೆಯನ್ನು ಬಿಚ್ಚಲು ಬರುವ ಕೋಲ್ಟ್ ಮಾದರಿಯಾದರೆ ಬಿಚ್ಚಿಕೊಳ್ಳಿ, ರೆಮಿಂಗ್ಟನ್ ಮಾದರಿಯಾದರೆ ಸಿಲಿಂಡರ್ ತೆಗೆದಿಡಿ. ಒಳಗೆ ಎಣ್ಣೆ ಸವರಿ, ಮೂತಿಯ ಕಡೆಯಿಂದ ಮೆತ್ತನೆಯ ಗುಂಡನ್ನು ಮರದ ಸುತ್ತಿಗೆಯಿಂದ ತಟ್ಟಿ ಇಳಿಸಿ, ಮರದ ಕೋಲಿನಿಂದ ಹಿಂದಕ್ಕೆ ತಳ್ಳಿ. ಕೋಲು ನಳಿಗೆಗೆ ಸರಿಯಾಗಿ ತುಂಬುವಷ್ಟು ದಪ್ಪ ಇರಲಿ, ತೆಳುವಾದ ಕೋಲು ಓರೆಯಾಗಿ ಸೀಳಿ ಗುಂಡಿನ ಪಕ್ಕಕ್ಕೆ ಬೆಣೆಯ ಹಾಗೆ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು.

ಹೊರಬಂದ ಗುಂಡಿನಲ್ಲಿ ಎತ್ತರವಾಗಿರುವ ಗೆರೆಗಳು ತೋಡಿನ ಗುರುತು. ಎದುರುಬದುರಾದ ಎರಡು ಗೆರೆಗಳ ನಡುವೆ ಅಳೆಯಬೇಕು. ತೋಡುಗಳು ಆರಿದ್ದರೆ ಸಲೀಸು. ಏಳಿದ್ದರೆ, ಹಳೆಯ ಕೋಲ್ಟ್‌ಗಳಲ್ಲಿ ಇರುತ್ತಿದ್ದದ್ದು ಏಳೇ, ಒಂದು ಗೆರೆಯ ಎದುರಿಗೆ ಇನ್ನೊಂದು ಗೆರೆ ಬರುವುದಿಲ್ಲ, ಗುಣಿ ಬರುತ್ತದೆ. ಮಾಮೂಲಿ ಮೈಕ್ರೋಮೀಟರ್ ಕಡಿಮೆ ತೋರಿಸುತ್ತದೆ. ಗುಂಡನ್ನು ನಿಧಾನವಾಗಿ ತಿರುಗಿಸುತ್ತಾ ಅತಿ ಹೆಚ್ಚು ಬಂದ ಅಂಕಿಯನ್ನು ಹಿಡಿಯಿರಿ, ನಿಜವಾದ ಅಳತೆ ಅದಕ್ಕಿಂತ ಕೂದಲೆಳೆ ಹೆಚ್ಚೇ ಇರುತ್ತದೆ ಅಂತ ನೆನಪಿಟ್ಟುಕೊಳ್ಳಿ. ಪರಿಚಯದ ಮೆಷಿನ್ ಶಾಪಿನಲ್ಲಿ ವಿ ಆಕಾರದ ಮೈಕ್ರೋಮೀಟರ್ ಇದ್ದರೆ ಒಂದು ಚಹಾ ಕುಡಿಸಿ ಅಳೆಸಿಕೊಂಡು ಬನ್ನಿ.

ನನ್ನ ನಳಿಗೆ 0.451. ಸ್ನೇಹಿತನದೂ 0.451.

ಚೇಂಬರೇ ಅಚ್ಚು

ಈ ಎರಡು ಅಂಕಿ ಪಕ್ಕಪಕ್ಕ ಬರೆದಾಗ ನನಗೆ ತಲೆಗೆ ಹೊಳೆದದ್ದು ಇದು. ನಾನು 0.451 ಹಾಕಲಿ, 0.454 ಹಾಕಲಿ, 0.457ನ್ನೇ ಗುದ್ದಿ ತುರುಕಲಿ, ನನ್ನ ರಿವಾಲ್ವರಿನಿಂದ ಹೊರಡುವ ಗುಂಡು 0.447. ಚೇಂಬರಿನ ಬಾಯಿ ಹೆಚ್ಚಿನದ್ದನ್ನೆಲ್ಲ ಕೆತ್ತಿ ಹಾಕುತ್ತದೆ. ದಪ್ಪ ಗುಂಡು ಹಾಕಿದರೆ ನಳಿಗೆ ಚೆನ್ನಾಗಿ ತುಂಬುತ್ತದೆ ಅನ್ನುವ ಮಾತು ಬಹಳ ಜನ ಹೇಳುತ್ತಾರೆ, ನಾನೂ ಹೇಳಿಕೊಂಡು ಓಡಾಡಿದ್ದೆ. ತಪ್ಪು. ದಪ್ಪ ಗುಂಡಿನಿಂದ ವ್ಯಾಸ ಹೆಚ್ಚಾಗುವುದಿಲ್ಲ, ಸೊಂಟದ ಪಟ್ಟಿ ಅಗಲ ಆಗುತ್ತದೆ. ಅಷ್ಟೇ.

ಪಟ್ಟಿ ಅಗಲ ಆದರೆ ಲಾಭವೇ. ಚೇಂಬರಿನ ಗೋಡೆಗೆ ಹಿಡಿತ ಜಾಸ್ತಿ, ಒದೆತಕ್ಕೆ ಜಾರುವುದಿಲ್ಲ. ನಳಿಗೆಯ ದಿಬ್ಬಗಳಿಗೆ ಕಚ್ಚಿಕೊಳ್ಳಲು ಜಾಗ ಜಾಸ್ತಿ. ಎಷ್ಟು ಅಗಲ ಅಂತ ಲೆಕ್ಕ ಹಾಕಬಹುದು, ಶಾಲೆಯ ಗಣಿತ ಸಾಕು: ಗುಂಡಿನ ವ್ಯಾಸದ ವರ್ಗದಿಂದ ಚೇಂಬರ್ ವ್ಯಾಸದ ವರ್ಗ ಕಳೆಯಿರಿ, ಉಳಿದದ್ದರ ವರ್ಗಮೂಲವೇ ಪಟ್ಟಿಯ ಅಗಲ.

ನನ್ನ 0.447 ಚೇಂಬರಿಗೆ 0.451 ಗುಂಡು ಹಾಕಿದರೆ 0.060 ಇಂಚು, ಅಂದರೆ ಒಂದೂವರೆ ಮಿ.ಮೀ. 0.454 ಹಾಕಿದರೆ 0.079 ಇಂಚು, ಎರಡು ಮಿ.ಮೀ. ಸ್ನೇಹಿತನ 0.450 ಚೇಂಬರಿಗೆ 0.451 ಹಾಕಿದರೆ ಮುಕ್ಕಾಲು ಮಿ.ಮೀ. ಮಾತ್ರ. ಅದಕ್ಕೇ 0.454 ಹಾಕಿದರೆ ಒಂದೂವರೆ. ನೋಡಿ, ಅವನ ರಿವಾಲ್ವರಿಗೆ 0.454 ಹೇಗೋ, ನನ್ನದಕ್ಕೆ 0.451 ಹಾಗೆ. ಒಂದೂವರೆಯಿಂದ ಎರಡು ಮಿ.ಮೀ. ಪಟ್ಟಿ ಬಂದರೆ ನಾನು ಸುಮ್ಮನಾಗುತ್ತೇನೆ. ಒಂದಕ್ಕಿಂತ ಕಡಿಮೆ ಇದ್ದರೆ ಆ ಗುಂಡು ಆ ಸಿಲಿಂಡರಿಗಲ್ಲ.

ಮೇಲಕ್ಕೂ ಮಿತಿ ಇದೆ. ಹತ್ತು ಥೌ ಹೆಚ್ಚಿನ ಗುಂಡನ್ನು ಒತ್ತಲು ಹೋದರೆ ಲಿವರ್ ಬಗ್ಗುತ್ತದೆ, ಅದರ ಸ್ಕ್ರೂ ಸವೆಯುತ್ತದೆ, ಹಿತ್ತಾಳೆ ಫ್ರೇಮಿನ ರಿವಾಲ್ವರಿಗೆ ಅದು ಇನ್ನೂ ಕೆಟ್ಟದ್ದು. ಸಿಲಿಂಡರನ್ನು ಹೊರಗೆ ತೆಗೆದು ಗುಂಡು ಕೂರಿಸುವ ಪುಟ್ಟ ಪ್ರೆಸ್ ಸಿಗುತ್ತದೆ, ದಪ್ಪ ಗುಂಡು ಇಷ್ಟಪಡುವವರು ಅದನ್ನು ಬಳಸಲಿ. ಸಿಲಿಂಡರ್ ವಾಪಸ್ ಜೋಡಿಸಿದ ಮೇಲೆಯೇ ಕೇಪು, ಅದು ಮಾತ್ರ ಮರೆಯಬೇಡಿ.

ಉಂಗುರದ ಕಥೆ

ಗುಂಡು ಒತ್ತುವಾಗ ಚೇಂಬರಿನ ಬಾಯಿ ಕೆತ್ತಿದ ಸೀಸ ತೆಳ್ಳಗಿನ ಉಂಗುರವಾಗಿ ಮೇಲೆ ಉಳಿಯುತ್ತದೆ. ಪೂರ್ತಿ ಉಂಗುರ ಬಂದರೆ ಗುಂಡು ಸುತ್ತಲೂ ಬಿಗಿಯಾಗಿದೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮಾತು ಸರಿಯೇ, ಅರ್ಧ.

ಚೇಂಬರಿನ ಬಾಯಿ ಚೂಪಾಗಿದ್ದರೆ ಮಾತ್ರ ಉಂಗುರ ಬೀಳುತ್ತದೆ. ಬಾಯಿಯ ಅಂಚನ್ನು ಓರೆಯಾಗಿ ಸವರಿದ್ದರೆ ಸೀಸ ಕೆತ್ತಿ ಹೋಗುವ ಬದಲು ಒಳಕ್ಕೆ ಮಡಚಿಕೊಂಡು ಹಿಂಡಿಕೊಳ್ಳುತ್ತದೆ, ಪಟ್ಟಿ ಇನ್ನಷ್ಟು ಉದ್ದ ಆಗುತ್ತದೆ, ಉಂಗುರವೇ ಇರುವುದಿಲ್ಲ. ಆಗ ಕೈಗೆ ಗೊತ್ತಾಗಬೇಕು, ಲಿವರ್ ಎಷ್ಟು ತಡೆಯಿತು ಅಂತ. ಇನ್ನು ಅರ್ಧ ಚಂದ್ರನ ಹಾಗೆ ಒಂದೇ ಕಡೆ ಉಂಗುರ ಬಂದರೆ ಎರಡು ಕಾರಣ ಇರಬಹುದು. ಗುಂಡನ್ನು ಓರೆಯಾಗಿ ಇಟ್ಟಿದ್ದೀರಿ, ಅಥವಾ ಲಿವರಿನಿಂದ ಇಳಿದು ಗುಂಡನ್ನು ಒತ್ತುವ ಕೋಲು, ಅಂದರೆ ರ್ಯಾಮರ್, ಚೇಂಬರಿನ ನಡುವಿಗೆ ಬರುತ್ತಿಲ್ಲ. ಎರಡು ಸಲ ಗಮನವಿಟ್ಟು ಇಟ್ಟು ನೋಡಿ, ಅದೇ ಕಡೆ ಬಂದರೆ ತಪ್ಪು ರ್ಯಾಮರಿನದು.

ಉಂಗುರವನ್ನು ಎಸೆಯಬೇಡಿ, ತೂಗಿ. ಹುಚ್ಚು ಅನ್ನಿಸಬಹುದು, ಆದರೆ ಮದ್ದು ತೂಗುವ ತಕ್ಕಡಿ ಮನೆಯಲ್ಲಿದ್ದರೆ ಇದು ಬಹಳ ಮಜಾ. ಕೆತ್ತಿ ಹೋದ ಸೀಸದ ಗಾತ್ರ, ಪಟ್ಟಿಯ ಅಗಲವನ್ನೇ ವ್ಯಾಸವಾಗಿ ಇಟ್ಟುಕೊಂಡ ಪುಟ್ಟ ಉಂಡೆಯ ಗಾತ್ರಕ್ಕೆ ಸಮ. ಅಂದರೆ ಎರಡು ಮಿ.ಮೀ. ಪಟ್ಟಿ ಬಂದಿದ್ದರೆ, ಉಂಗುರವನ್ನು ಉಂಡೆ ಮಾಡಿದಾಗ ಎರಡು ಮಿ.ಮೀ.ನ ಸೀಸದ ಕಾಳು ಆಗುತ್ತದೆ. ಲೆಕ್ಕದಲ್ಲಿ 0.447ರ ಚೇಂಬರ್, 0.454ರ ಗುಂಡು, ಒಂದು ಉಂಗುರ ಮುಕ್ಕಾಲು ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ), ಆರು ಸೇರಿ ನಾಲ್ಕೂವರೆ. ಅದೇ ಚೇಂಬರಿಗೆ 0.451 ಹಾಕಿದರೆ ಒಂದು ಉಂಗುರ ಮೂರನೇ ಒಂದು ಗ್ರೇನ್ ಕೂಡ ಇಲ್ಲ. ನಾನು 0.454ರ ಆರು ಉಂಗುರ ಒಟ್ಟು ಮಾಡಿ ತೂಗಿದಾಗ ನಾಲ್ಕು ಬಂತು. ಒಂದು ಉಂಗುರ ತುಂಡಾಗಿ ಎಲ್ಲೋ ಉದುರಿತ್ತು, ಅದನ್ನು ಹುಡುಕುತ್ತಾ ಮೇಜಿನ ಕೆಳಗೆ ಹತ್ತು ನಿಮಿಷ ಕಳೆದೆ ಅನ್ನುವುದು ಬೇರೆ ವಿಷಯ. ಆ ತುಂಡುಗಳು ಸಿಲಿಂಡರ್ ಮತ್ತು ಫ್ರೇಮಿನ ನಡುವೆ ಬೀಳದಂತೆ ನೋಡಿಕೊಳ್ಳಿ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಬಾಯಿಗೆ ತರಬೇಡಿ.

ಸೀಸ ಮೆತ್ತಗಿರಬೇಕು

ಶುದ್ಧ ಸೀಸದ ಬ್ರಿನೆಲ್ ಗಟ್ಟಿತನ ಸುಮಾರು 5. ಕಾರಿನ ಚಕ್ರಕ್ಕೆ ಬಡಿಯುವ ಹಳೆಯ ತೂಕದ ಸೀಸದ್ದು ಅದರ ಸುಮಾರು ಎರಡು ಪಟ್ಟು. ಅಂಥದ್ದನ್ನು ಎರಕ ಹೊಯ್ದರೆ ಮೂರು ತೊಂದರೆ ಒಟ್ಟಿಗೆ ಬರುತ್ತವೆ: ಅಚ್ಚಿನಿಂದ ಒಂಚೂರು ದಪ್ಪಗೆ ಬರುತ್ತದೆ, ಲಿವರಿಗೆ ಬಗ್ಗುವುದಿಲ್ಲ, ಮದ್ದಿನ ಒತ್ತಡಕ್ಕೆ ಊದಿಕೊಂಡು ತೋಡುಗಳನ್ನು ತುಂಬುವುದೂ ಇಲ್ಲ. ನನ್ನ ಹಾಗೆ ಚೇಂಬರ್ ನಳಿಗೆಗಿಂತ ನಾಲ್ಕು ಥೌ ಸಣ್ಣ ಇರುವವರಿಗೆ ಈ ಊದುವಿಕೆಯೇ ಆಸರೆ. ಉಗುರಿನಿಂದ ಒತ್ತಿ ಗೀರಿ ನೋಡಿ, ಗುರುತು ಸುಲಭವಾಗಿ ಬಿದ್ದರೆ ಸರಿ.

ಎರಕದ ಗುಂಡಾದರೆ ಹೊಯ್ದ ಜಾಗದಲ್ಲಿ ಒಂದು ಚಪ್ಪಟೆ ಗುರುತು ಇರುತ್ತದೆ. ಅದನ್ನು ನೇರವಾಗಿ ಮೇಲಕ್ಕೆ ಮಾಡಿ ಇಡಿ. ಪಕ್ಕಕ್ಕೆ ತಿರುಗಿದ್ದರೆ ಸೊಂಟದ ಪಟ್ಟಿ ಆ ಜಾಗದಲ್ಲಿ ತುಂಡಾಗುತ್ತದೆ. ಹಾರ್ನಡಿ, ಸ್ಪೀರ್ ಮುಂತಾದವರ ಒತ್ತಿ ಮಾಡಿದ ಗುಂಡಿನಲ್ಲಿ ಆ ಗುರುತಿಲ್ಲ, ಪ್ರಯೋಗಕ್ಕೆ ಅದೇ ಒಳ್ಳೆಯದು. ಮನೆಯಲ್ಲಿ ಹೊಯ್ಯುವವರು ಗಾಳಿಯಾಡುವ ಜಾಗದಲ್ಲಿ ಮಾಡಿ, ಕರಗಿದ ಸೀಸದ ಹತ್ತಿರ ಒಂದು ಹನಿ ನೀರೂ ಬೇಡ.

ಜಾರುತ್ತದಾ ಅಂತ ನೋಡುವುದು

ಇದನ್ನು ಯಾರೂ ಮಾಡುವುದಿಲ್ಲ, ನನ್ನ ಪ್ರಕಾರ ಮೊದಲು ಮಾಡಬೇಕಾದದ್ದು ಇದೇ. ಐದು ಚೇಂಬರಿಗೆ ಎಂದಿನಂತೆ ಮದ್ದು, ಗುಂಡು. ಆರನೆಯದಕ್ಕೆ ಮದ್ದಿನ ಬದಲು ಅಷ್ಟೇ ಅಳತೆಯ ರವೆ ಹಾಕಿ ಗುಂಡು ಕೂರಿಸಿ. ವರ್ನಿಯರಿನ ಬಾಲದಿಂದ, ಸಿಲಿಂಡರಿನ ಮುಖದಿಂದ ಆ ಗುಂಡಿನ ನೆತ್ತಿಯವರೆಗಿನ ಆಳ ಅಳೆದು ಬರೆದುಕೊಳ್ಳಿ. ಈ ಚೇಂಬರಿಗೆ ಗ್ರೀಸ್ ಹಚ್ಚಬೇಡಿ, ಕೇಪೂ ಬೇಡ. ಐದನ್ನೂ ಹಾರಿಸಿ, ಎಲ್ಲ ಖಾಲಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಅಳೆಯಿರಿ. ಆಳ ಕಡಿಮೆಯಾಗಿದ್ದರೆ ಅಷ್ಟು ಜಾರಿದೆ. ಆಮೇಲೆ ನಿಪ್ಪಲ್ ಬಿಚ್ಚಿ, ಕಡ್ಡಿಯಿಂದ ಗುಂಡು ತಳ್ಳಿದರಾಯಿತು. ರವೆ ಯಾಕೆ ಅಂದರೆ, ಕೇಪಿಲ್ಲದ ನಿಪ್ಪಲ್‌ನ ಹಿಂದೆ ಮದ್ದು ತುಂಬಿಟ್ಟುಕೊಂಡು ಪಕ್ಕದ ಚೇಂಬರ್ ಹಾರಿಸುವುದು ಬೆಂಕಿಗೆ ಬಾಗಿಲು ತೆರೆದಿಟ್ಟ ಹಾಗೆ.

ಸ್ನೇಹಿತನ ರಿವಾಲ್ವರಿನಲ್ಲಿ 0.454 ಹಾಕಿ ಹೀಗೆ ನೋಡಿದಾಗ ಅಳತೆ ಒಂದಿಷ್ಟೂ ಅಲ್ಲಾಡಲಿಲ್ಲ.

ಬೆಂಕಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಒಂದು ಚೇಂಬರಿನ ಕಿಡಿ ಪಕ್ಕದ್ದಕ್ಕೂ ತಗುಲಿ ಎರಡು ಮೂರು ಒಟ್ಟಿಗೆ ಸಿಡಿಯುವುದಕ್ಕೆ ಚೈನ್ ಫೈರ್ ಅನ್ನುತ್ತಾರೆ. ಕಿಡಿ ಮುಂದಿನಿಂದ ಸಡಿಲ ಗುಂಡಿನ ಪಕ್ಕದಲ್ಲಿ ನುಗ್ಗುತ್ತದಾ, ಹಿಂದಿನಿಂದ ಸಡಿಲ ಕೇಪಿನಲ್ಲಿ ನುಗ್ಗುತ್ತದಾ ಅಂತ ಈಗಲೂ ಜಗಳ ನಡೆಯುತ್ತದೆ. ನನಗೆ ಆ ಜಗಳ ಬೇಡ. ಗುಂಡೂ ಬಿಗಿ ಇರಲಿ, ಕೇಪೂ ಬಿಗಿ ಇರಲಿ, ಮದ್ದಿನ ಮೇಲೆ ಎಣ್ಣೆ ಹಾಕಿದ ಫೆಲ್ಟ್ ವಾಡ್ (ಒತ್ತಿದ ಉಣ್ಣೆಯ ಬಿಲ್ಲೆ) ಅಥವಾ ಗುಂಡಿನ ಮೇಲೆ ಗ್ರೀಸ್ ಇರಲಿ. ಸಡಿಲ ಗುಂಡಿನ ಮೇಲೆ ಗ್ರೀಸ್ ಬಳಿದು ಸರಿಮಾಡಿದೆ ಅನ್ನುವುದು ಮಾತ್ರ ಮೋಸ, ಮೊದಲನೇ ಏಟಿನ ಬಿಸಿಗೇ ಪಕ್ಕದ ಚೇಂಬರಿನ ಗ್ರೀಸ್ ಹಾರಿಹೋಗುತ್ತದೆ. ಗುಂಡು ಮತ್ತು ಮದ್ದಿನ ನಡುವೆ ಖಾಲಿ ಜಾಗವೂ ಬಿಡಬಾರದು, ಗುಂಡು ಮದ್ದಿಗೆ ಒತ್ತಿಕೊಂಡೇ ಕೂರಬೇಕು.

ಗುರಿಗೆ ಹಾರಿಸಿ ಹೋಲಿಸುವುದು

ಇಲ್ಲಿ ತಾಳ್ಮೆ ಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಈ ರಿವಾಲ್ವರುಗಳನ್ನು ಹೆಚ್ಚಾಗಿ 25 ಮೀಟರಿನಿಂದ ಹಾರಿಸುತ್ತಾರೆ, ನಾನೂ ಅಷ್ಟೇ ದೂರ ಇಟ್ಟುಕೊಳ್ಳುತ್ತೇನೆ, ಮರಳು ಚೀಲದ ಮೇಲೆ ಕೈ ಇಟ್ಟು. ಬದಲಾಯಿಸುವುದು ಗುಂಡಿನ ಅಳತೆ ಒಂದನ್ನೇ. ಮದ್ದು ಅದೇ ಡಬ್ಬಿಯದು, ಅದೇ ಅಳತೆ, ಅದೇ ವಾಡ್, ಅದೇ ಕೇಪು. 0.451 ಮತ್ತು 0.454 ಹೋಲಿಸುತ್ತಿದ್ದರೆ ಮೊದಲು ಒಂದನ್ನು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಅಂತ ಮಾಡಬೇಡಿ, ಯಾಕೆಂದರೆ ಹೊತ್ತು ಹೋದಂತೆ ನಳಿಗೆಯಲ್ಲಿ ಮಸಿ ಕಟ್ಟುತ್ತದೆ, ಕೈ ಸೋಲುತ್ತದೆ, ಬೆಳಕು ಬದಲಾಗುತ್ತದೆ, ಕೊನೆಗೆ ಆ ಪಾಪವೆಲ್ಲ ಎರಡನೇ ಗುಂಡಿನ ತಲೆಗೆ ಬರುತ್ತದೆ. ಸಣ್ಣದು, ದಪ್ಪದು, ದಪ್ಪದು, ಸಣ್ಣದು ಅಂತ ಅದಲುಬದಲು ಹಾರಿಸಿ, ಪ್ರತಿ ಐದು ಏಟಿಗೆ ನಳಿಗೆ ಒರೆಸಿ.

ಐದೈದರ ನಾಲ್ಕು ಗುಂಪಾದರೂ ಆಗದೆ ಯಾವ ತೀರ್ಮಾನಕ್ಕೂ ಬರಬೇಡಿ. ಒಂದು ಗುಂಪು ಚೆನ್ನಾಗಿ ಬಂದರೆ ಅದನ್ನು ಫೋಟೋ ತೆಗೆದು ಎಲ್ಲರಿಗೂ ಕಳಿಸುವುದು, ಮುಂದಿನ ಮೂರನ್ನು ಮರೆಯುವುದು, ಇದು ನಮ್ಮೆಲ್ಲರ ಚಟ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಒಂದೇ ಚೇಂಬರನ್ನು ಐದು ಸಲ ತುಂಬಿ ಹಾರಿಸಿ ಒಂದು ಗುಂಪು, ಆಮೇಲೆ ಮುಂದಿನ ಚೇಂಬರ್. ಬೇಜಾರಿನ ಕೆಲಸ, ಒಂದಿಡೀ ಮಧ್ಯಾಹ್ನ ಹೋಗುತ್ತದೆ. ಆದರೆ ಒಂದೊಂದು ಚೇಂಬರ್ ತನ್ನಷ್ಟಕ್ಕೆ ಒಂದೇ ಕಡೆ ಹೊಡೆದು, ಆರೂ ಸೇರಿದಾಗ ಚೆಲ್ಲಾಡಿದರೆ ತಪ್ಪು ಗುಂಡಿನ ಅಳತೆಯದಲ್ಲ, ಚೇಂಬರ್ ಚೇಂಬರಿಗೂ ಇರುವ ವ್ಯತ್ಯಾಸದ್ದು ಅಥವಾ ಚೇಂಬರ್ ನಳಿಗೆಗೆ ನೇರ ನಿಲ್ಲದಿರುವುದರದ್ದು.

ನನ್ನ ರಿವಾಲ್ವರಿನಲ್ಲಿ 0.451, 0.454 ಎರಡಕ್ಕೂ ಗುರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೇಲೆ ಹೇಳಿದೆನಲ್ಲ, ಎರಡೂ 0.447 ಆಗಿಯೇ ಹೊರಡುತ್ತವೆ. ಸ್ನೇಹಿತನ ರಿವಾಲ್ವರ್ 0.454ರಲ್ಲಿ ನನ್ನದಕ್ಕಿಂತ ಒಟ್ಟಾಗಿ ಹೊಡೆಯುತ್ತದೆ. ಅವನ ಚೇಂಬರ್ ನಳಿಗೆಗಿಂತ ಒಂದೇ ಥೌ ಸಣ್ಣ.

ಹಾಗಾದರೆ ನನ್ನ ಚೇಂಬರನ್ನೂ ರೀಮರ್ ಹಾಕಿ 0.451ಕ್ಕೆ ಹಿಗ್ಗಿಸಬಹುದಾ? ಹಿಗ್ಗಿಸುತ್ತಾರೆ, ಬಹಳ ಜನ ಮಾಡಿಸಿಕೊಂಡು ಖುಷಿಯಾಗಿದ್ದಾರೆ. ಆದರೆ ಚೇಂಬರಿನ ಹೊರಗೋಡೆ, ಅದರಲ್ಲೂ ಸಿಲಿಂಡರ್ ನಿಲ್ಲಿಸುವ ಗುಣಿಗಳ ಹತ್ತಿರ, ಮೊದಲೇ ತೆಳು. ಕೊರೆದದ್ದನ್ನು ವಾಪಸ್ ತುಂಬಲಾಗದು. ಇದು ಮನೆಯ ಡ್ರಿಲ್ಲಿನಲ್ಲಿ ಮಾಡುವ ಕೆಲಸ ಅಲ್ಲ, ಬಂದೂಕಿನ ಕೆಲಸ ಗೊತ್ತಿರುವವರ ಕೈಗೇ ಕೊಡಬೇಕು. ನೂರೈವತ್ತು ವರ್ಷ ಹಳೆಯ ಅಸಲಿ ರಿವಾಲ್ವರ್ ಆಗಿದ್ದರೆ ಆ ಯೋಚನೆಯೇ ಬೇಡ.

ಉದ್ದ ಗುಂಡು ಹಾಕುವವರಿಗೆ ಎರಡು ಮಾತು. ಅದರ ಬುಡದಲ್ಲಿ ಚೇಂಬರಿಗಿಂತ ಸ್ವಲ್ಪ ಸಣ್ಣ ಹಿಮ್ಮಡಿ ಇರಬೇಕು, ಬೆರಳಲ್ಲಿ ಇಟ್ಟರೆ ನೆಟ್ಟಗೆ ನಿಲ್ಲಬೇಕು. ಇಲ್ಲದಿದ್ದರೆ ರ್ಯಾಮರ್ ಕೆಳಗೆ ಓರೆಯಾಗಿ ನುಗ್ಗುತ್ತದೆ, ಓರೆಯಾಗಿ ನುಗ್ಗಿದ ಗುಂಡನ್ನು ನಳಿಗೆ ನೆಟ್ಟಗೆ ಮಾಡುವುದಿಲ್ಲ. ಉಂಡೆ ಗುಂಡಿಗೆಂದು ಮಾಡಿದ ರ್ಯಾಮರ್ ಅದರ ಮೂಗನ್ನೂ ಜಜ್ಜುತ್ತದೆ. 0.454ರ ಉಂಡೆ 141 ಗ್ರೇನ್, ಉದ್ದ ಗುಂಡು ಸುಲಭವಾಗಿ 200 ಗ್ರೇನ್, ಒದೆತವೂ ಹೆಚ್ಚು, ಹಾಗಾಗಿ ರವೆಯ ಪರೀಕ್ಷೆಯನ್ನು ಹೊಸದಾಗಿ ಮಾಡಿ. ನಾನು ನಾಲ್ಕಾರು ಸಲ ಹಾಕಿ ನೋಡಿ ಉಂಡೆಗೇ ವಾಪಸ್ ಬಂದೆ.

ಈಗ ನನ್ನ ಡಬ್ಬಿಯಲ್ಲಿ ಇರುವುದು 0.454. ಗುರಿಗೆ ಲಾಭ ಇಲ್ಲದಿದ್ದರೂ ಅರ್ಧ ಮಿ.ಮೀ. ಹೆಚ್ಚಿನ ಪಟ್ಟಿ ನೆಮ್ಮದಿ ಕೊಡುತ್ತದೆ, ಮತ್ತೆ ಸ್ನೇಹಿತ ಬಂದಾಗ ಅವನದಕ್ಕೂ ಅದೇ ಆಗುತ್ತದೆ. ಆ 0.446ರ ಆರನೇ ಚೇಂಬರಿಗೆ ಏನು ಮಾಡಿದೆ ಅಂತ ಕೇಳಿದರೆ, ಏನೂ ಇಲ್ಲ. ತುಂಬುವುದು ಐದೇ, ಕುದುರೆ ಇಳಿಸಿಡಲು ಒಂದು ಖಾಲಿ ಚೇಂಬರ್ ಹೇಗೂ ಬೇಕು. ಉಗುರುಬಣ್ಣದ ಚುಕ್ಕೆ ಈಗ ಅದರ ಪಕ್ಕದಲ್ಲಿದೆ.